ಒಂದೇ ಕಾಡು, ಹತ್ತು ವರದಿ: ಆಫ್ರಿಕಾದ ದಕ್ಷಿಣ ಭಾಗದ ಸಫಾರಿ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುವುದೇಕೆ?

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಬಂದ ಇಬ್ಬರನ್ನು ಮಾತನಾಡಿಸಿ ನೋಡಿ. ಇಬ್ಬರೂ ಹೋಗಿದ್ದು ಒಂದೇ ಕಡೆಗೇ ಎಂಬ ಅನುಮಾನ ಬರುತ್ತದೆ. ಒಬ್ಬರು ಮೊದಲ ದಿನವೇ ಮರದ ಮೇಲೆ ಬೇಟೆ ಎಳೆದಿಟ್ಟುಕೊಂಡ ಚಿರತೆಯನ್ನು ಹತ್ತು ಮೀಟರ್ ದೂರದಿಂದ ನೋಡಿದ್ದಾರೆ. ಇನ್ನೊಬ್ಬರು ದಿನವೆಲ್ಲ ಕಾರು ಓಡಿಸಿ ಇಂಪಾಲ ಎಂಬ ಹುಲ್ಲೆಗಳ ಹಿಂಡನ್ನೂ ರಸ್ತೆಗೆ ಅಡ್ಡ ನಿಂತ ಜೀಬ್ರಾಗಳನ್ನೂ ಲೆಕ್ಕ ಹಾಕಿ, ಸಂಜೆ ಗೇಟು ಮುಚ್ಚುವುದರೊಳಗೆ ಕ್ಯಾಂಪ್ ಸೇರುವ ಧಾವಂತದಲ್ಲೇ ರಜೆ ಮುಗಿಸಿದ್ದಾರೆ. ಮೊದಲನೆಯವರು ಅದೃಷ್ಟವಂತರು, ಎರಡನೆಯವರದು ಹಣೆಬರಹ ಎಂದು ನಾವು ತೀರ್ಮಾನಿಸಿಬಿಡುತ್ತೇವೆ.

ಅದೃಷ್ಟದ ಪಾಲು ಇದೆ, ಇಲ್ಲವೆನ್ನಲಾಗದು. ಆದರೆ ಅದು ನಾವು ಅಂದುಕೊಂಡಷ್ಟು ದೊಡ್ಡದಲ್ಲ. ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ನಮೀಬಿಯಾ, ಜಿಂಬಾಬ್ವೆ, ಜಾಂಬಿಯಾ ದೇಶಗಳ ಸಫಾರಿಯಲ್ಲಿ ಪ್ರವಾಸಿಗೆ ಏನು ಕಾಣುತ್ತದೆ, ಎಷ್ಟು ಹತ್ತಿರದಿಂದ ಕಾಣುತ್ತದೆ, ಪಕ್ಕದಲ್ಲಿ ಎಷ್ಟು ವಾಹನಗಳಿರುತ್ತವೆ ಎಂಬುದೆಲ್ಲ ಬಹುಮಟ್ಟಿಗೆ ಮೊದಲೇ ನಿರ್ಧಾರವಾಗಿರುತ್ತದೆ. ನೀರು ಎಲ್ಲಿದೆ, ಜಮೀನು ಯಾರದು, ಬೇಲಿ ಎಲ್ಲಿ ನಿಂತಿದೆ, ಇವು ಅದನ್ನು ನಿರ್ಧರಿಸುತ್ತವೆ. ಇಷ್ಟು ತಿಳಿದರೆ ಪ್ರವಾಸಿಗರ ಅನುಭವಗಳು ಒಂದಕ್ಕೊಂದು ತಾಳೆಯಾಗದಿರುವುದರ ಗುಟ್ಟೂ ಬಿಡಿಸಿಕೊಳ್ಳುತ್ತದೆ.

ನೀರಿನಿಂದಲೇ ಶುರು ಮಾಡೋಣ. ಈ ಭಾಗದಲ್ಲಿ ಮಳೆಗಾಲವೆಂದರೆ ಬೇಸಿಗೆ. ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಒಣಹವೆ. ಮಳೆ ಬಿದ್ದಾಗ ಪ್ರತಿ ತಗ್ಗಿನಲ್ಲೂ ನೀರು ನಿಲ್ಲುತ್ತದೆ. ಆನೆಗೂ ಕಾಡೆಮ್ಮೆಗೂ ಒಂದೇ ನದಿಯ ಹಂಗಿರುವುದಿಲ್ಲ. ಅವು ಕಾಡಿನ ತುಂಬ ಚದುರಿಹೋಗುತ್ತವೆ. ಹುಲ್ಲು ಸೊಂಟದೆತ್ತರ ಬೆಳೆದಿರುತ್ತದೆ, ಮೊಪಾನೆ ಮರಗಳು ಚಿಟ್ಟೆಯ ರೆಕ್ಕೆಯಂಥ ಎಲೆಗಳನ್ನು ಹೊದ್ದು ಹಸಿರು ಗೋಡೆಯಾಗಿರುತ್ತವೆ. ರಸ್ತೆಯಿಂದ ಐದು ಮೀಟರ್ ಒಳಗೆ ಸಿಂಹಗಳ ಕುಟುಂಬವೇ ಮಲಗಿದ್ದರೂ ಕಾರಿನಲ್ಲಿರುವವರಿಗೆ ಸುಳಿವು ಸಿಗುವುದಿಲ್ಲ. ಒಣಗಾಲದಲ್ಲಿ ಎಲೆ ಉದುರುತ್ತದೆ, ಹುಲ್ಲು ತುಳಿದು ಮೇದು ನೆಲ ಮಟ್ಟಕ್ಕೆ ಬರುತ್ತದೆ, ಸಣ್ಣ ಹೊಂಡಗಳು ಬತ್ತುತ್ತವೆ. ಉಳಿದ ಕೆಲವೇ ನೀರಿನ ತಾಣಗಳಿಗೆ ಎಲ್ಲರೂ ಬರಲೇಬೇಕು. ಬೇಟೆಗಾರ ಪ್ರಾಣಿಗಳಿಗೂ ಇದು ಗೊತ್ತು, ಸಫಾರಿ ಚಾಲಕರಿಗೂ ಗೊತ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕಬಿನಿಯ ದಂಡೆಯಲ್ಲಿ ಆನೆಗಳು ನೆರೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕನ್ನಡದ ಪ್ರವಾಸಿಗರಿಗೆ ಒಂದು ಪೇಚು ಇಲ್ಲೇ ಇದೆ. ನಮ್ಮ ಮಕ್ಕಳ ದೊಡ್ಡ ರಜೆ ಬರುವುದು ಏಪ್ರಿಲ್–ಮೇ ತಿಂಗಳಲ್ಲಿ. ಅಲ್ಲಿ ಆಗಷ್ಟೇ ಮಳೆ ಮುಗಿದಿರುತ್ತದೆ. ಕಾಡು ಹಸಿರಾಗಿ, ಹವೆ ಹಿತವಾಗಿ, ಚಿತ್ರಕ್ಕೆ ಚೆನ್ನಾಗಿರುತ್ತದೆ. ಪ್ರಾಣಿ ಹುಡುಕುವುದು ಮಾತ್ರ ಕಷ್ಟ. ಪ್ರಾಣಿ ಕಾಣಬೇಕೆಂಬ ಒಂದೇ ಹಟವಿದ್ದವರಿಗೆ ದಸರಾ ರಜೆಯ ಆಸುಪಾಸೇ ಒಳ್ಳೆಯದು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಎಂದರೆ ಒಣಗಾಲದ ತುತ್ತತುದಿ. ಜಿಂಬಾಬ್ವೆ, ಜಾಂಬಿಯಾಗಳ ಜಾಂಬೆಜಿ ಕಣಿವೆಯಲ್ಲಿ ಅಕ್ಟೋಬರ್ ಬಿಸಿಲು ಸುಡುತ್ತದೆ, ದೂಳು ಕಣ್ಣಿಗೆ ರಾಚುತ್ತದೆ. ಪ್ರಾಣಿಗಳು ಮಾತ್ರ ಧಾರಾಳವಾಗಿ ಸಿಗುತ್ತವೆ. ಇನ್ನು ಜೂನ್–ಜುಲೈಯಲ್ಲಿ ಹೋಗುವವರು ಆಫ್ರಿಕಾವೆಂದರೆ ಸೆಕೆ ಎಂದು ತೆಳು ಅಂಗಿ ತುಂಬಿಕೊಂಡು ಹೋಗಿ, ಬೆಳಗಿನ ಜಾವದ ತೆರೆದ ಜೀಪಿನಲ್ಲಿ ಗಡಗಡ ನಡುಗಿ ಬರುತ್ತಾರೆ. ಅದು ಅಲ್ಲಿನ ಚಳಿಗಾಲ. ಮಳೆಗಾಲದ ಪರವಾಗಿಯೂ ಒಂದು ಮಾತು ಹೇಳಬೇಕು. ಹಕ್ಕಿ ನೋಡುವವರು ಬೇಕೆಂದೇ ಡಿಸೆಂಬರ್‌ನಲ್ಲಿ ಹೋಗುತ್ತಾರೆ. ವಲಸೆ ಹಕ್ಕಿಗಳೆಲ್ಲ ಬಂದಿರುತ್ತವೆ, ಇಂಪಾಲಗಳು ಕೆಲವೇ ವಾರಗಳೊಳಗೆ ಒಟ್ಟಿಗೇ ಮರಿ ಹಾಕಿರುತ್ತವೆ.

ಬೋಟ್ಸ್ವಾನಾದ ಒಕವಾಂಗೊ ನದಿಯ ಮುಖಜಭೂಮಿ ಈ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಅಲ್ಲಿ ಮಳೆ ನಿಂತ ಮೇಲೆ ಪ್ರವಾಹ ಬರುತ್ತದೆ! ಅಂಗೋಲಾದ ಎತ್ತರದ ಪ್ರದೇಶದಲ್ಲಿ ಬಿದ್ದ ಮಳೆ, ಇಳಿಜಾರೇ ಇಲ್ಲದಂಥ ಸಮತಟ್ಟಾದ ನೆಲದ ಮೇಲೆ ತಿಂಗಳುಗಟ್ಟಲೆ ತೆವಳಿಕೊಂಡು ಬಂದು, ಜೂನ್‌ನಿಂದ ಆಗಸ್ಟ್‌ವರೆಗಿನ ಒಣಹವೆಯಲ್ಲಿ ಕಲಹರಿ ಮರುಭೂಮಿಯ ಮರಳಿನ ಮೇಲೆ ಹರಡಿಕೊಳ್ಳುತ್ತದೆ. ಸಮುದ್ರ ಸೇರದ ನದಿ ಇದು. ಬಿಸಿಲು ಹೀರಿ, ಮರಳು ಕುಡಿದು ಅಲ್ಲೇ ಮುಗಿಯುತ್ತದೆ. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯ ಸಾವಿರನೆಯ ತಾಣವಾಗಿ ಸೇರಿದ್ದು ಇದೇ. ಜುಲೈಯಲ್ಲಿ ಹೋದವರು ಮೊಕೊರೊ ಎಂಬ ಸಪೂರ ದೋಣಿಯಲ್ಲಿ ನೈದಿಲೆಗಳ ನಡುವೆ ಸಾಗಿದ ಕಥೆ ಹೇಳುತ್ತಾರೆ. ಕೆಲವು ತಿಂಗಳ ಬಳಿಕ ಹೋದವರು ಅದೇ ಕ್ಯಾಂಪಿನಿಂದ ಜೀಪಿನಲ್ಲಿ ಒಣನೆಲದ ಮೇಲೆ ಹೋದೆವು ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನೀರಿಗೂ ಪ್ರವಾಸಿಯ ಅನುಭವಕ್ಕೂ ಇರುವ ನಂಟನ್ನು ಕಣ್ಣಾರೆ ನೋಡಬೇಕಿದ್ದರೆ ನಮೀಬಿಯಾದ ಇಟೋಶಾಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. 1907ರಲ್ಲಿ ಜರ್ಮನ್ ವಸಾಹತು ಆಡಳಿತ ಘೋಷಿಸಿದ ಈ ರಕ್ಷಿತಾರಣ್ಯದ ನಡುವೆ ಸುಮಾರು 4,800 ಚದರ ಕಿಲೋಮೀಟರ್‌ನ ಬಿಳಿ ಉಪ್ಪುಬಯಲಿದೆ. ಅದರ ಅಂಚಿನುದ್ದಕ್ಕೂ ನೀರಿನ ಹೊಂಡಗಳು. ಒಕೌಕ್ಯುಯೊ ಕ್ಯಾಂಪಿನ ಹೊಂಡಕ್ಕೆ ರಾತ್ರಿಯಿಡೀ ದೀಪ ಉರಿಸುತ್ತಾರೆ. ಕಲ್ಲಿನ ಗಿಡ್ಡಗೋಡೆಯ ಈಚೆ ಬೆಂಚುಗಳ ಮೇಲೆ ಮಂದಿ ಕಂಬಳಿ ಹೊದ್ದು ಕೂತಿರುತ್ತಾರೆ. ಜಿರಾಫೆ ಬರುತ್ತದೆ, ಆದರೆ ಕುಡಿಯುವುದಿಲ್ಲ. ನಿಂತು ನೋಡುತ್ತದೆ, ಎರಡು ಹೆಜ್ಜೆ ಇಡುತ್ತದೆ, ಮತ್ತೆ ನೋಡುತ್ತದೆ. ಮುಂಗಾಲುಗಳನ್ನು ಅಗಲಿಸಿ ಕತ್ತು ಬಗ್ಗಿಸಿದ ಆ ಕ್ಷಣದಲ್ಲಿ ಸಿಂಹ ಬಂದರೆ ಏಳುವುದು ಕಷ್ಟವೆಂದು ಅದಕ್ಕೆ ಗೊತ್ತು. ಆಚೆ ಕಪ್ಪು ಖಡ್ಗಮೃಗವೊಂದು ಏದುಸಿರು ಬಿಡುತ್ತ ಬಂದು, ಆನೆಗಳು ಜಾಗ ಬಿಡುವವರೆಗೆ ಸಿಡುಕಿಕೊಂಡು ಕಾಯುತ್ತದೆ. ಇಟೋಶಾದ ಆನೆಗಳು ಬೂದಿ ಬಳಿದುಕೊಂಡಂತೆ ಬೆಳ್ಳಗಿರುತ್ತವೆ, ಅಲ್ಲಿನ ಸುಣ್ಣದ ಮಣ್ಣಿನ ದೂಳು ಅದು. ಹಗಲೆಲ್ಲ ಪ್ರಾಣಿಯ ಬೆನ್ನು ಹತ್ತಿ ಓಡಿದವರು ಸುಸ್ತಾಗಿ ಮಲಗಿರುವಾಗ, ಕೂತಲ್ಲೇ ಕೂತವರು ಹೆಚ್ಚು ನೋಡಿರುತ್ತಾರೆ.

ಆದರೆ ಎಲ್ಲ ಹೊಂಡಗಳೂ ಪ್ರಕೃತಿ ಕೊಟ್ಟವಲ್ಲ. ಜಿಂಬಾಬ್ವೆಯ ಹ್ವಾಂಗೆ ಉದ್ಯಾನದ ಬಹುಭಾಗ ಕಲಹರಿಯ ಮರಳು, ವರ್ಷವಿಡೀ ಹರಿಯುವ ನದಿ ಅಲ್ಲಿಲ್ಲ. ದಶಕಗಳಿಂದ ಕೊಳವೆಬಾವಿಯ ಪಂಪುಗಳೇ ಅಲ್ಲಿನ ಆನೆಗಳ ಪ್ರಾಣಾಧಾರ. ಪ್ರವಾಸಿ ಮೆಚ್ಚುವ ನೂರಾರು ಆನೆಗಳ ಸಂಜೆಯ ದೃಶ್ಯ ಪಂಪು ನಿಂತರೆ ಇಲ್ಲ. 2019ರ ಬರದಲ್ಲಿ ಜಿಂಬಾಬ್ವೆಯಲ್ಲಿ 200ಕ್ಕೂ ಹೆಚ್ಚು ಆನೆಗಳು ಸತ್ತವು. ಹಾಗಾದರೆ ಇನ್ನಷ್ಟು ಕೊಳವೆಬಾವಿ ಕೊರೆಸಬಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಕ್ರೂಗರ್ ಅದನ್ನು ಮಾಡಿ ನೋಡಿತು. ಇಪ್ಪತ್ತನೆಯ ಶತಮಾನದ ಬಹುಕಾಲ ಅಲ್ಲಿ ನೂರಾರು ಕೊಳವೆಬಾವಿ, ಅಣೆಕಟ್ಟೆಗಳಾದವು. ಒಣಪ್ರದೇಶವಾದ ಉತ್ತರಕ್ಕೆ ನೀರು ಸಿಕ್ಕಿದ್ದೇ ಜೀಬ್ರಾ, ವೈಲ್ಡ್‌ಬೀಸ್ಟ್‌ಗಳು ಅಲ್ಲಿಗೆ ನುಗ್ಗಿದವು. ಅವುಗಳ ಹಿಂದೆ ಸಿಂಹಗಳು ಬಂದವು. ಎತ್ತರದ ಹುಲ್ಲಿನ ನಡುವೆ ತನ್ನಷ್ಟಕ್ಕೆ ಬದುಕಿದ್ದ ರೋನ್ ಎಂಬ ಅಪರೂಪದ ಹುಲ್ಲೆಗೆ ಇದು ಕುತ್ತಾಯಿತು. 1986ರಲ್ಲಿ ಸುಮಾರು 450ರಷ್ಟಿದ್ದ ರೋನ್‌ಗಳು 1993ರ ಹೊತ್ತಿಗೆ 45ರ ಆಸುಪಾಸಿಗೆ ಇಳಿದವು. ಆಮೇಲೆ ಉದ್ಯಾನದವರು ಕೊಳವೆಬಾವಿಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದರು. ‘ಮೊದಲೆಲ್ಲ ಈ ಹೊಂಡದಲ್ಲಿ ಎಷ್ಟು ಪ್ರಾಣಿ ಇರುತ್ತಿದ್ದವು, ಈಗ ಖಾಲಿ’ ಎಂದು ಹಳೆಯ ಪ್ರವಾಸಿಗರು ಹಲುಬುವುದರ ಹಿಂದೆ ಈ ಕಥೆ ಇದೆ. ಹೊಂಡ ಖಾಲಿಯಾಗಿದ್ದು ಕಾಡು ಹಾಳಾಗಿ ಅಲ್ಲ.

ಈಗ ಜಮೀನಿನ ವಿಚಾರ. ಆರಂಭದಲ್ಲಿ ಹೇಳಿದ ಇಬ್ಬರು ಪ್ರವಾಸಿಗರ ನಡುವಿನ ವ್ಯತ್ಯಾಸ ಬಹುಪಾಲು ಇದರಿಂದಲೇ ಬಂದದ್ದು. ಕ್ರೂಗರ್ ಸರ್ಕಾರದ ಉದ್ಯಾನ. 1898ರಲ್ಲಿ ಸಾಬಿ ರಕ್ಷಿತ ಪ್ರದೇಶವೆಂದು ಶುರುವಾಗಿ 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ 19,000 ಚದರ ಕಿಲೋಮೀಟರ್‌ಗೂ ಹೆಚ್ಚು. ನಮ್ಮ ಬಂಡೀಪುರದಂಥ ಇಪ್ಪತ್ತು ಕಾಡು ಅದರೊಳಗೆ ಹಿಡಿಸುತ್ತವೆ. ಇಲ್ಲಿ ನಿಮ್ಮ ಕಾರನ್ನು ನೀವೇ ಓಡಿಸಿಕೊಂಡು ಹೋಗಬಹುದು. ಅಲ್ಲೂ ರಸ್ತೆಯ ಎಡಬದಿಯ ಸಂಚಾರವಾದ್ದರಿಂದ ನಮಗೆ ತೊಡಕಿಲ್ಲ. ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಮಣ್ಣಿನ ರಸ್ತೆಯಲ್ಲಿ 40 ಕಿಲೋಮೀಟರ್ ಮಿತಿ. ಕಾರಿನಿಂದ ಇಳಿಯುವಂತಿಲ್ಲ, ರಸ್ತೆ ಬಿಟ್ಟು ಕದಲುವಂತಿಲ್ಲ, ಸೂರ್ಯ ಮುಳುಗುವ ಮೊದಲು ಕ್ಯಾಂಪಿನೊಳಗೆ ಇರಬೇಕು. ಖರ್ಚು ಕಡಿಮೆ, ಸ್ವಾತಂತ್ರ್ಯ ಹೆಚ್ಚು. ಆದರೆ ಸ್ಕುಕುಜಾ ಕ್ಯಾಂಪಿನಿಂದ ಲೋವರ್ ಸಾಬಿಗೆ ಹೋಗುವ ದಾರಿಯಲ್ಲಿ ಸಿಂಹ ಕಂಡಿತೆಂದರೆ ಅಲ್ಲೊಂದು ಜಾತ್ರೆಯೇ ನೆರೆಯುತ್ತದೆ. ಪ್ರಾಣಿ ಕಂಡ ಜಾಗವನ್ನು ಹಂಚಿಕೊಳ್ಳುವ ಮೊಬೈಲ್ ಆ್ಯಪ್‌ಗಳು ಬಂದ ಮೇಲಂತೂ ಇದು ಅತಿಯಾಗಿದೆ. ಮುಂದಿನ ಕಾರಿನ ಹಿಂಬದಿಯನ್ನು ಒಂದು ಗಂಟೆ ನೋಡಿ ಬಂದವರ ಸಿಟ್ಟು ನ್ಯಾಯವಾದದ್ದೇ.

ಕ್ರೂಗರ್‌ನ ಪಶ್ಚಿಮದ ಗಡಿಗೆ ಅಂಟಿಕೊಂಡೇ ಸಾಬಿ ಸ್ಯಾಂಡ್‌ನಂಥ ಖಾಸಗಿ ಅಭಯಾರಣ್ಯಗಳಿವೆ. 1993ರಲ್ಲಿ ನಡುವಿನ ಬೇಲಿ ತೆಗೆದ ಮೇಲೆ ಪ್ರಾಣಿಗಳು ಎರಡೂ ಕಡೆ ಓಡಾಡುತ್ತವೆ. ಸಿಂಹ ಅದೇ, ನಿಯಮ ಬೇರೆ. ಇಲ್ಲಿ ಲಾಡ್ಜಿನ ತೆರೆದ ವಾಹನಕ್ಕೆ ಮಾತ್ರ ಪ್ರವೇಶ. ಚಿರತೆ ಪೊದೆ ಹೊಕ್ಕರೆ ವಾಹನವೂ ದಾರಿ ಬಿಟ್ಟು ಹಿಂಬಾಲಿಸುತ್ತದೆ. ಒಂದು ಪ್ರಾಣಿಯ ಬಳಿ ಏಕಕಾಲಕ್ಕೆ ಎರಡು ಮೂರು ವಾಹನಗಳಷ್ಟೇ ಇರಬೇಕೆಂದು ರೇಡಿಯೊದಲ್ಲಿ ಸರದಿ ಹಾಕಿಕೊಳ್ಳುತ್ತಾರೆ. ಕತ್ತಲಾದ ಮೇಲೂ ದೀಪ ಹಿಡಿದು ಸುತ್ತುತ್ತಾರೆ. ದಶಕಗಳಿಂದ ವಾಹನಗಳನ್ನು ನೋಡುತ್ತ ಬೆಳೆದ ಚಿರತೆಗಳು ಅವುಗಳನ್ನು ಲೆಕ್ಕಕ್ಕೇ ಇಡುವುದಿಲ್ಲ. ಹತ್ತು ಮೀಟರ್ ದೂರದ ಆ ಚಿರತೆ ಸಿಕ್ಕಿದ್ದು ಇಲ್ಲಿಯೇ ಇರಬೇಕು. ಬೆಲೆಯನ್ನು ಕೇಳಿದರೆ ಎದೆ ಝಲ್ಲೆನ್ನುತ್ತದೆ, ಅದು ಬೇರೆ ಮಾತು. ಬೋಟ್ಸ್ವಾನಾ ಅಂತೂ ಕಡಿಮೆ ಮಂದಿ, ಹೆಚ್ಚು ಹಣ ಎಂಬುದನ್ನೇ ನೀತಿಯಾಗಿ ಇಟ್ಟುಕೊಂಡಿದೆ. ಒಕವಾಂಗೊದ ಹೆಸರಾಂತ ಕ್ಯಾಂಪುಗಳಲ್ಲಿ ಹಂಗಾಮಿನ ಒಂದು ರಾತ್ರಿಗೆ ತಲಾ ಸಾವಿರ ಡಾಲರ್ ಸುಲಭವಾಗಿ ದಾಟುತ್ತದೆ. ಆ ಹಣಕ್ಕೆ ನೀವು ಕೊಳ್ಳುವುದರಲ್ಲಿ ಹೆಚ್ಚಿನ ಪಾಲು ಬೇರೆ ಪ್ರವಾಸಿಗರ ಗೈರುಹಾಜರಿ.

‘ಇದು ಕಾಡೋ, ದೊಡ್ಡ ಮೃಗಾಲಯವೋ’ ಎಂಬ ಗೊಣಗಾಟವೂ ಆಗಾಗ ಕೇಳುತ್ತದೆ. ಪೂರ್ವ ಆಫ್ರಿಕಾದ ಸೆರೆಂಗೆಟಿಯ ಬೇಲಿಯಿಲ್ಲದ ಬಯಲನ್ನು ನೋಡಿ ಬಂದವರಿಗೆ ದಕ್ಷಿಣ ಆಫ್ರಿಕಾದ ವಿದ್ಯುತ್ ಬೇಲಿಗಳು ಕಣ್ಣಿಗೆ ಚುಚ್ಚುತ್ತವೆ. ಅಲ್ಲಿನ ಕಾನೂನಿನಲ್ಲಿ ಸರಿಯಾದ ಬೇಲಿ ಹಾಕಿಕೊಂಡ ಜಮೀನಿನ ಮಾಲೀಕನಿಗೆ ಒಳಗಿನ ಕಾಡುಪ್ರಾಣಿಗಳ ಮೇಲೂ ಒಡೆತನ ಸಿಗಬಲ್ಲದು. ಹಾಗಾಗಿಯೇ ದನದ ಫಾರಂಗಳಾಗಿದ್ದ ಎಷ್ಟೋ ಜಮೀನುಗಳು ಮತ್ತೆ ಕಾಡುಪ್ರಾಣಿಗಳ ಪಾಲಾದವು. ಮದಿಕ್ವೆ ಅಭಯಾರಣ್ಯ ಒಳ್ಳೆಯ ಉದಾಹರಣೆ. ಬಡಕಲು ದನದ ಫಾರಂಗಳಿದ್ದ ಆ ಪ್ರದೇಶಕ್ಕೆ 1991ರಿಂದ ಕೆಲವೇ ವರ್ಷಗಳಲ್ಲಿ 8,000ಕ್ಕೂ ಹೆಚ್ಚು ಪ್ರಾಣಿಗಳನ್ನು ಲಾರಿಗಳಲ್ಲಿ ತಂದು ಬಿಟ್ಟರು. ಪ್ರಾಣಿಗಳನ್ನು ಅರಿವಳಿಕೆ ಕೊಟ್ಟು ಸಾಗಿಸಿ ಬೇರೆಡೆ ನೆಲೆಗೊಳಿಸುವುದು ಈ ದೇಶಗಳಿಗೆ ಕರಗತವಾದ ವಿದ್ಯೆ. 2022ರಲ್ಲಿ ನಮೀಬಿಯಾದಿಂದ, 2023ರಲ್ಲಿ ದಕ್ಷಿಣ ಆಫ್ರಿಕಾದಿಂದ ನಮ್ಮ ಕುನೋಗೆ ಚೀತಾಗಳು ಬಂದದ್ದರ ಹಿಂದೆಯೂ ಈ ಅನುಭವವಿದೆ.

ಪ್ರಾಣಿ ತಂದು ಬಿಟ್ಟ ಮಾತ್ರಕ್ಕೆ ಕಾಡು ಸಿದ್ಧವಾಗುವುದಿಲ್ಲ ಎಂದು ದಕ್ಷಿಣ ಆಫ್ರಿಕಾದ ಇನ್ನೊಂದು ಉದ್ಯಾನವಾದ ಪಿಲಾನ್ಸ್‌ಬರ್ಗ್ ಕಲಿಸಿತು. ಕ್ರೂಗರ್‌ನಲ್ಲಿ ಆನೆಗಳ ಸಂಖ್ಯೆ ತಗ್ಗಿಸಲು ದೊಡ್ಡವನ್ನು ಕೊಲ್ಲುತ್ತಿದ್ದ ಕಾಲದಲ್ಲಿ ಉಳಿದ ಅನಾಥ ಮರಿಗಳನ್ನು ಅಲ್ಲಿಗೆ ಸಾಗಿಸಿದ್ದರು. ಅವು ಬೆಳೆದವು. 1990ರ ದಶಕದಲ್ಲಿ ಖಡ್ಗಮೃಗಗಳು ಒಂದೊಂದಾಗಿ ಸತ್ತು ಬೀಳತೊಡಗಿದವು, ಕೊಂಬು ಮಾತ್ರ ಹಾಗೇ ಇತ್ತು. ಕಳ್ಳಬೇಟೆಯವರ ಕೆಲಸವಲ್ಲ. ಹದಿಹರೆಯದ ಗಂಡಾನೆಗಳು ಅಕಾಲದಲ್ಲಿ ಮದವೇರಿ, ತಿಂಗಳುಗಟ್ಟಲೆ ಮದವಿಳಿಯದೆ ತಿವಿದು ಕೊಲ್ಲುತ್ತಿದ್ದವು. 1998ರಲ್ಲಿ ಕ್ರೂಗರ್‌ನಿಂದ ಆರು ವಯಸ್ಕ ಸಲಗಗಳನ್ನು ತಂದು ಬಿಟ್ಟರು. ಹಿರಿಯರೆದುರು ಎಳೆಯವುಗಳ ಮದ ಇಳಿಯಿತು, ಖಡ್ಗಮೃಗಗಳ ಸಾವು ನಿಂತಿತು. ಬೇಲಿಯ ಒಳಗಿದ್ದರೂ ಆನೆ ಆನೆಯೇ. ನನ್ನ ಮಟ್ಟಿಗೆ ‘ಮೃಗಾಲಯ’ ಎಂಬ ಆಕ್ಷೇಪ ಒಂದು ಪಾಲು ಸರಿ, ಒಂದು ಪಾಲು ತಪ್ಪು. ತಮ್ಮ ಬೇಟೆ ತಾವೇ ಆಡುವ ಸಿಂಹಗಳಿರುವ ಜಾಗ ಮೃಗಾಲಯವಲ್ಲ. ಆದರೆ ಸಿಂಹದ ಮರಿಯನ್ನು ನಿಮ್ಮ ಮಡಿಲಿಗೆ ಕೊಟ್ಟು ಫೋಟೊ ತೆಗೆಸುವ ಜಾಗವಿದ್ದರೆ ಅತ್ತ ತಲೆ ಹಾಕಬೇಡಿ. ತಾಯಿಯಿಂದ ಬೇರ್ಪಟ್ಟು ಕೈಕೈ ದಾಟಿ ಬೆಳೆದ ಮರಿ ಕಾಡಿಗೆ ಮರಳುವುದಿಲ್ಲ. ಅಂಥ ಸಾಕಿದ ಸಿಂಹಗಳು ಕೊನೆಗೆ ಬೇಲಿಯೊಳಗಿನ ಮೋಜಿನ ಬೇಟೆಗೋ ಮೂಳೆ ವ್ಯಾಪಾರಕ್ಕೋ ಹೋಗಿರುವುದು ಅಲ್ಲಿ ಜಗಜ್ಜಾಹೀರಾದ ಸಂಗತಿ.

ವಾಹನದಲ್ಲಿ ಕೂತವರನ್ನು ಸಿಂಹ ಯಾಕೆ ಏನೂ ಮಾಡುವುದಿಲ್ಲ ಎಂಬ ಪ್ರಶ್ನೆ ಎಲ್ಲರಿಗೂ ಏಳುತ್ತದೆ. ಜೀಪು ಮತ್ತು ಒಳಗಿನ ಮಂದಿ ಸೇರಿ ಅದಕ್ಕೆ ಒಂದೇ ಆಕಾರ. ಬೇಟೆಯೂ ಅಲ್ಲ, ಶತ್ರುವೂ ಅಲ್ಲ ಎಂದು ಹುಟ್ಟಿದಾಗಿನಿಂದ ನೋಡಿ ಕಲಿತ ಆಕಾರ. ಯಾರಾದರೂ ಎದ್ದು ನಿಂತರೆ, ಕೈ ಹೊರಚಾಚಿದರೆ ಆ ಆಕಾರ ಒಡೆಯುತ್ತದೆ, ಅಲ್ಲೊಬ್ಬ ಮನುಷ್ಯ ಕಾಣುತ್ತಾನೆ. ಕೂತೇ ಇರಿ ಎಂದು ಮಾರ್ಗದರ್ಶಕ ಗದರುವುದು ಅದಕ್ಕೇ. ಕಾಲ್ನಡಿಗೆಯಲ್ಲಿ ಕಥೆ ಪೂರ್ತಿ ಬೇರೆ. ವಾಹನದ ಪಕ್ಕದಲ್ಲೇ ಮೇಯುವ ಆನೆ, ನಡೆದು ಬರುವ ಮನುಷ್ಯನ ವಾಸನೆ ಹಿಡಿದರೆ ದೂರದಿಂದಲೇ ಕಿವಿ ಅಗಲಿಸುತ್ತದೆ. ಜಾಂಬಿಯಾದ ದಕ್ಷಿಣ ಲುವಾಂಗ್ವಾದಲ್ಲಿ ನಾರ್ಮನ್ ಕಾರ್ ಎಂಬಾತ ಬೆಳೆಸಿದ ಕಾಲ್ನಡಿಗೆ ಸಫಾರಿ ಇಂದಿಗೂ ಆ ಕಣಿವೆಯ ಹೆಗ್ಗಳಿಕೆ. ಬಂದೂಕುಧಾರಿಯ ಹಿಂದೆ ಒಬ್ಬರ ಹಿಂದೊಬ್ಬರು ಮಾತಿಲ್ಲದೆ ನಡೆಯಬೇಕು. ನಡೆದು ಬಂದವರು ಹೇಳುವುದು ಸಿಂಹದ ಕಥೆಗಿಂತ ಗೆದ್ದಲಹುಳು, ಲದ್ದಿ, ಮುಳ್ಳು, ಗಾಳಿಯ ದಿಕ್ಕಿನ ಕಥೆಗಳನ್ನೇ.

ಹೆಜ್ಜೆ ಓದುವ ವಿದ್ಯೆಯೂ ಸಮೀಪದಿಂದ ಕಾಣುವುದು ಆಗಲೇ. ಲಾಡ್ಜಿನ ವಾಹನಗಳಲ್ಲಿ ಬಾನೆಟ್ಟಿನ ಮುಂದಿನ ಪುಟ್ಟ ಕುರ್ಚಿಯಲ್ಲಿ ಟ್ರ್ಯಾಕರ್ ಕೂತಿರುತ್ತಾನೆ. ಸಾಬಿ ಸ್ಯಾಂಡ್ ಕಡೆ ಹೆಚ್ಚಾಗಿ ಶಾಂಗಾನ್ ಸಮುದಾಯದವರು. ಅವನು ಕೈ ಎತ್ತುತ್ತಾನೆ, ವಾಹನ ನಿಲ್ಲುತ್ತದೆ. ಮರಳಿನ ಮೇಲೊಂದು ಗುರುತು. ಉಗುರಿನ ಚಿಹ್ನೆ ಇಲ್ಲ, ಅಂಗಾಲಿನ ಹಿಂಬದಿಯಲ್ಲಿ ಮೂರು ಉಬ್ಬು, ಹಾಗಾದರೆ ಕತ್ತೆಕಿರುಬವಲ್ಲ, ಚಿರತೆ. ನಿನ್ನೆ ಸಂಜೆ ಹೋದ ಜೀಪಿನ ಚಕ್ರದ ಅಚ್ಚಿನ ಮೇಲೆ ಹೆಜ್ಜೆ ಬಿದ್ದಿದೆ, ಹಾಗಾದರೆ ಸಂಜೆಯ ನಂತರದ್ದು. ರಾತ್ರಿ ಹರಿದಾಡುವ ಹುಳುಗಳ ದಾರದಂಥ ಗೆರೆಗಳು ಹೆಜ್ಜೆಯ ಮೇಲೆ ಹಾದುಹೋಗಿದ್ದರೆ ಚಿರತೆ ಇರುಳಲ್ಲೇ ದಾಟಿದೆ, ಈಗ ಬಹುದೂರ ಹೋಗಿರುತ್ತದೆ. ಹುಳುವಿನ ಗೆರೆಯನ್ನು ಹೆಜ್ಜೆಯೇ ತುಳಿದಿದ್ದರೆ ಬೆಳಗಿನ ಜಾವದ್ದು, ಹುಡುಕುವುದಕ್ಕೆ ಅರ್ಥವಿದೆ. ಅಷ್ಟರಲ್ಲಿ ಪೊದೆಯಾಚೆ ಇಂಪಾಲ ಸೀನಿದಂತೆ ಎಚ್ಚರಿಕೆಯ ಕೂಗು ಹಾಕಿದರೆ ಅರ್ಧ ಕೆಲಸ ಮುಗಿಯಿತು. ನಾಗರಹೊಳೆಯಲ್ಲಿ ಮುಸುವನ ಕೂಗಿಗೂ ಜಿಂಕೆಯ ಕರೆಗೂ ಕಿವಿಗೊಟ್ಟು ಹುಲಿಯನ್ನು ಅಂದಾಜು ಮಾಡುವವರಿಗೆ ಇದು ಪರಿಚಿತ ಲೆಕ್ಕವೇ.

ಐದು ದೊಡ್ಡ ಪ್ರಾಣಿಗಳ ಪಟ್ಟಿಯ ಬಗ್ಗೆ ಎರಡೇ ಮಾತು. ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ ಎಂಬ ‘ಬಿಗ್ ಫೈವ್’ ಹುಟ್ಟಿದ್ದು ಬೇಟೆಗಾರರ ಬಾಯಲ್ಲಿ; ಕಾಲ್ನಡಿಗೆಯಲ್ಲಿ ಬೇಟೆಯಾಡಲು ಅತಿ ಅಪಾಯಕಾರಿಯಾದ ಐದು ಎಂಬ ಲೆಕ್ಕ ಅದು. ಪ್ರವಾಸೋದ್ಯಮ ಅದನ್ನೇ ಎತ್ತಿಕೊಂಡಿತು. ಟಿಕ್ ಹಾಕುವ ಈ ಗೀಳಿನಿಂದ ಆಫ್ರಿಕಾದ ಕಾಡುನಾಯಿಗಳಂಥ, ಸಿಂಹಕ್ಕಿಂತ ಎಷ್ಟೋ ಅಪರೂಪದ ಪ್ರಾಣಿಗಳು ಕಂಡರೂ ಪಟ್ಟಿಯಲ್ಲಿಲ್ಲವೆಂದು ಮುಂದೆ ಹೋಗುವವರಿದ್ದಾರೆ. ಟಿವಿಯಲ್ಲಿ ಬೇಟೆಯ ದೃಶ್ಯಗಳನ್ನು ನೋಡಿ ಹೋದವರಿಗೆ ದಿನದ ಇಪ್ಪತ್ತು ಗಂಟೆಯವರೆಗೂ ಬಿದ್ದುಕೊಂಡಿರುವ ಸಿಂಹ ನಿರಾಸೆ ತರುತ್ತದೆ. ಸಿಂಹದ ತಪ್ಪಲ್ಲ.

ಪ್ರವಾಸಿಗರ ಬರಹಗಳಲ್ಲಿ ‘ಮನುಷ್ಯನ ಸುಳಿವೇ ಇಲ್ಲದ ಆದಿಮ ನೆಲ’ ಎಂಬ ಉದ್ಗಾರ ತಪ್ಪದೆ ಬರುತ್ತದೆ. ಒಪ್ಪುವುದು ಕಷ್ಟ. ಮನುಷ್ಯರಿದ್ದರು, ಅವರನ್ನು ಎಬ್ಬಿಸಲಾಯಿತು. ಇಟೋಶಾದ ಹಾಯ್‌ಓಂ ಸಾನ್ ಮೂಲನಿವಾಸಿಗಳನ್ನು 1954ರಲ್ಲಿ ಹೊರಹಾಕಿದರು. ಕ್ರೂಗರ್‌ನ ಉತ್ತರದ ತುದಿಯಿಂದ ಮಕುಲೆಕೆ ಸಮುದಾಯವನ್ನು 1969ರಲ್ಲಿ ವರ್ಣಭೇದದ ಸರ್ಕಾರ ಒಕ್ಕಲೆಬ್ಬಿಸಿತು. ವರ್ಣಭೇದ ಕೊನೆಗೊಂಡ ಮೇಲೆ ಅವರು ದಾವೆ ಹೂಡಿ 1998ರಲ್ಲಿ ನೆಲ ಮರಳಿ ಪಡೆದರು. ಮರಳಿ ಹೋಗಿ ನೆಲೆಸುವ ಬದಲು ಅದನ್ನು ಕಾಡಾಗಿಯೇ ಉಳಿಸಿ ಲಾಡ್ಜುಗಳಿಂದ ಆದಾಯ ಪಡೆಯಲು ಒಪ್ಪಿದರು. ನಮೀಬಿಯಾ 1996ರ ಕಾನೂನಿನ ಮೂಲಕ ಹಳ್ಳಿಗರಿಗೇ ವನ್ಯಜೀವಿ ಸಂರಕ್ಷಣಾ ಸಂಘಗಳನ್ನು ಕಟ್ಟಿಕೊಳ್ಳುವ ಹಕ್ಕು ಕೊಟ್ಟಿತು. ಈಗ ಅಂಥ 86 ಸಂಘಗಳಿವೆ. ಅಲ್ಲಿನ ಒಣನದಿಗಳಲ್ಲಿ ನಡೆದು ಬರುವ ಮರುಭೂಮಿಯ ಆನೆಗಳು ಉದ್ಯಾನದೊಳಗಿನವಲ್ಲ, ಊರವರ ಮೇಕೆಗಳ ಜತೆ ಒಂದೇ ನೀರನ್ನು ಹಂಚಿಕೊಂಡವು. ಆನೆ ನೀರಿನ ಟ್ಯಾಂಕು ಒಡೆದರೆ ಕಷ್ಟ ಊರವರದು, ಫೋಟೊ ನಮ್ಮದು. ಬೋಟ್ಸ್ವಾನಾ 2014ರಲ್ಲಿ ನಿಲ್ಲಿಸಿದ್ದ ಮೋಜಿನ ಬೇಟೆಯನ್ನು 2019ರಲ್ಲಿ ಮತ್ತೆ ಶುರು ಮಾಡಿದಾಗ ಹೊರಗಿನ ಪ್ರವಾಸಿಗರು ಕೆಂಡವಾದರು. ಸುಮಾರು 1,30,000 ಆನೆಗಳ ನಡುವೆ ಬೆಳೆ ಕಾಯುವ ರೈತರ ಮಾತು ಬೇರೆಯೇ ಇತ್ತು. ಬೇಟೆಯನ್ನು ನಾನು ಮೆಚ್ಚಲಾರೆ. ಹಾಗೆಂದು ಅವರ ಮಾತನ್ನು ತಳ್ಳಿಹಾಕಲೂ ಆಗುವುದಿಲ್ಲ.

ಕಡೆಯದಾಗಿ ಖಡ್ಗಮೃಗ. ‘ಕಂಡಿತು, ಆದರೆ ಕೊಂಬೇ ಇರಲಿಲ್ಲ’ ಎಂದು ಬೇಸರಪಡುವವರು ಹೆಚ್ಚುತ್ತಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ 2014ರ ಒಂದೇ ವರ್ಷದಲ್ಲಿ 1,215 ಖಡ್ಗಮೃಗಗಳನ್ನು ಕಳ್ಳಬೇಟೆಗಾರರು ಕೊಂದರು. ಕೊಂಬು ನಮ್ಮ ಉಗುರಿನಂತೆ ಕೆರಾಟಿನ್‌ನದು. ಅರಿವಳಿಕೆ ಕೊಟ್ಟು, ಬುಡದ ಜೀವಂತ ಭಾಗ ಬಿಟ್ಟು ಕತ್ತರಿಸಿದರೆ ನೋವಿಲ್ಲ, ಮತ್ತೆ ಬೆಳೆಯುತ್ತದೆ. ಹಾಗಾಗಿ ಕೆಲವು ವರ್ಷಗಳಿಗೊಮ್ಮೆ ಮತ್ತೆ ಕತ್ತರಿಸಬೇಕು. ಕ್ರೂಗರ್‌ನ ಕ್ಯಾಂಪುಗಳಲ್ಲಿ ಆ ದಿನ ಎಲ್ಲಿ ಏನು ಕಂಡಿತೆಂದು ಬಣ್ಣದ ಗುಂಡಿಗಳಿಂದ ಗುರುತಿಸುವ ಫಲಕವಿರುತ್ತದೆ. ಸಿಂಹಕ್ಕೆ ಗುಂಡಿ ಇದೆ, ಚಿರತೆಗಿದೆ, ಆನೆಗಿದೆ. ಖಡ್ಗಮೃಗ ಕಂಡ ಜಾಗವನ್ನು ಮಾತ್ರ ಅಲ್ಲಿ ಗುರುತಿಸುವುದಿಲ್ಲ. ಫೋಟೊ ಹಾಕುವುದಿದ್ದರೆ ಮೊಬೈಲಿನ ಸ್ಥಳಸೂಚಿಯನ್ನು ಮೊದಲೇ ಆರಿಸಿಡಿ. ಮಾರ್ಗದರ್ಶಕರು ಕೇಳುವುದು ಮರೆತರೂ ನೀವು ಮರೆಯಬಾರದು.